ಗರಡಿಯ ಮಣ್ಣು ಬೀದಿಗೆ ಬಂದ ದಿನ

ಅರವತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ, ನಾಲ್ಕು ಹೆಜ್ಜೆ ಆಚೆ ಗರಡಿ. ಅಲ್ಲಿಯ ಕೆಂಪು ಮಣ್ಣನ್ನು ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ವರ್ಷಗಟ್ಟಲೆ ಹದ ಮಾಡಿದ್ದರು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ನನ್ನ ಅಣ್ಣನಿಗೂ ಅವನ ಜೋಡಿದಾರನಾದ ಸೈಕಲ್ ಅಂಗಡಿ ಚಾಚಾನ ಮಗನಿಗೂ ಗರಡಿ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. ಒಳಗೆ ಹೋಗುವಾಗ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು, ಹೊರಬರುವಾಗ ಮೈಗೆ ಅಂಟಿದ್ದನ್ನು ಅಲ್ಲೇ ಉದುರಿಸಿ ಬರಬೇಕು. ಒಂದು ಚಿಟಿಕೆಯೂ ಬೀದಿ ಕಾಣಬಾರದು. ಇದು ಕುಸ್ತಿ ಕಲಿಸುವ ವಸ್ತಾದರ ಕಟ್ಟಳೆ.

ಒಂದು ಬೇಸಿಗೆಯ ಮಧ್ಯಾಹ್ನ ಅವ್ವನೂ ನಾನೂ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದೆವು. ಗರಡಿಯ ಎದುರಿನ ಕಿರಾಣಿ ಅಂಗಡಿಯಲ್ಲಿ ಚಿಮಣಿ ಎಣ್ಣೆಯ ಪೀಪಾಯಿಗೆ ಬೆಂಕಿ ಹತ್ತಿತು. ಅಂಗಡಿಯ ಮೇಲಿನ ಮನೆಯಲ್ಲಿ ಅಂಗಡಿಕಾರರ ಮುದಿ ತಾಯಿ, ಇಬ್ಬರು ಮೊಮ್ಮಕ್ಕಳು. ಕೆಳಗಿಳಿಯುವ ಮೆಟ್ಟಿಲು ಇದ್ದದ್ದು ಅಂಗಡಿಯ ಒಳಗೇ. ಜನ ಕೊಡ ಕೊಡ ನೀರು ಸುರಿದರು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಇನ್ನಷ್ಟು ಹರಡಿತು.

"ನೀರ ಹಾಕಬ್ಯಾಡ್ರಿ, ಮಣ್ಣ ಹಾಕ್ರಿ" ಎಂದು ಯಾರೋ ಕೂಗಿದರು. ಹಾಸುಗಲ್ಲಿನ ಓಣಿಯಲ್ಲಿ ಮಣ್ಣೆಲ್ಲಿ ಸಿಗಬೇಕು? ವಸ್ತಾದರು ಅಂದು ಧಾರವಾಡಕ್ಕೆ ಹೋಗಿದ್ದರು. ಅಣ್ಣನೂ ಚಾಚಾನ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗರಡಿಗೆ ನುಗ್ಗಿದರು. ಬುಟ್ಟಿ ಬುಟ್ಟಿ ಮಣ್ಣು ಕೈಯಿಂದ ಕೈಗೆ ಹೊರಬಂತು. ಮಣ್ಣೆರಚಿ ದಾರಿ ಮಾಡಿಕೊಂಡು ಇಬ್ಬರೂ ಮೆಟ್ಟಿಲೇರಿದರು. ಚಾಚಾನ ಮಗ ಮಕ್ಕಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಬಂದ, ಅಣ್ಣ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದ. ಆಕೆ ಇಳಿಯುವಾಗಲೂ, "ನನ್ನ ಎಲಿ ಅಡಿಕಿ ಚೀಲಾ ತಗೊಂಡ್ಯೋ ಇಲ್ಲೋ?" ಎಂದು ಅವನ ಕಿವಿ ಹಿಂಡುತ್ತಿದ್ದಳಂತೆ.

ಸಂಜೆ ವಸ್ತಾದರು ಬಂದರು. ಬರಿದಾದ ಅಖಾಡ ನೋಡಿದರು, ಬೀದಿ ನೋಡಿದರು, ಗರಡಿಗೆ ಕೀಲಿ ಜಡಿದರು. ಮರುದಿನ ಅಣ್ಣ ಕಾಲು ಮುಟ್ಟಲು ಹೋದರೆ ಕಾಲು ಹಿಂದಕ್ಕೆಳೆದುಕೊಂಡರು.

ಊರೆಲ್ಲ ಹೊಗಳುತ್ತಿತ್ತು. "ಪಂಕ್ಚರ್ ಹಾಕಂದ್ರ ಓಡಿ ಹೋಗಾಂವ, ಬೆಂಕ್ಯಾಗ ಹೊಕ್ಕಾನ ನೋಡ್ರಿ" ಎಂದು ಚಾಚಾ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಇಬ್ಬರಿಗೂ ರುಮಾಲು ಸುತ್ತಿ ಸನ್ಮಾನ ಮಾಡುವುದೆಂದು ಊರ ಹಿರಿಯರು ಗೊತ್ತು ಮಾಡಿದರು. ಅಣ್ಣನಿಗೆ ಮಾತ್ರ ರೊಟ್ಟಿ ಸೇರುತ್ತಿರಲಿಲ್ಲ.

"ಸಾಲ್ಯಾಗ ನಪಾಸಾದಾಗೂ ನೀ ಹಿಂಗ ಕುಂತಿರಲಿಲ್ಲಲ್ಲೋ" ಅಂದಳು ಅವ್ವ.

"ವಸ್ತಾದ್ರು ಮಾತಾಡವಲ್ರು ಅವ್ವಾ. ಗರಡಿ ಬಾಗಲಾ ತಗೀದಿದ್ರ ಇವರ ರುಮಾಲು ಕಟ್ಟಿಕೊಂಡು ನಾ ಎಲ್ಲಿಗೆ ಹೋಗ್ಲಿ?"

ಸನ್ಮಾನದ ದಿನ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಸಭೆಯ ಅಧ್ಯಕ್ಷರು ಇಬ್ಬರ ತಲೆಗೂ ರುಮಾಲು ಸುತ್ತಿ, ಹಾರ ಹಾಕಿ, ತೆಂಗಿನಕಾಯಿ ಕೊಟ್ಟರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ವಸ್ತಾದರನ್ನು ಕರೆದು, "ನಿಮ್ಮ ಹುಡುಗೂರ ಬಗ್ಗೆ ಎರಡು ಮಾತು ಹೇಳ್ರಿ" ಎಂದರು. ಅಣ್ಣ ತಲೆ ತಗ್ಗಿಸಿದ.

"ಇವರು ಮಣ್ಣ ಒಯ್ದದ್ದು ಛಲೋ ಆತು" ಎಂದರು ವಸ್ತಾದರು. "ನಾ ಇದ್ದಿದ್ರ ಮದಲನೇ ಬುಟ್ಟಿ ನಾನ ಹೊರತಿದ್ದೆ." ಜನ ಚಪ್ಪಾಳೆ ತಟ್ಟಿದರು. ಅವರು ಕೈ ಎತ್ತಿ ತಡೆದರು. "ಆದ್ರ ಆ ಮಣ್ಣ ಇನ್ನೂ ಬೀದ್ಯಾಗ ಬಿದ್ದೈತ್ರಿ. ಎಮ್ಮಿ ತುಳೀತಾವು, ಟಾಂಗಾ ಹಾಯತಾವು. ದಿನಾ ಹಣಿಗೆ ಹಚ್ಚಿಕೊಂಡ ಮಣ್ಣದು. ಇವತ್ತ ಇವರೂ ಅದನ್ನ ತುಳಕೊಂಡ ಇಲ್ಲಿಗೆ ಬಂದಾರ."

ನಾನು ಅಣ್ಣನ ಮುಖ ನೋಡಿದೆ. ನಾಚಿಕೆ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಹಗುರಾಗಿತ್ತು. ಮಣ್ಣು ಒಯ್ದದ್ದೇ ತಪ್ಪೆಂದು ಇಷ್ಟು ದಿನ ಕೊರಗಿದ್ದ. ಅದನ್ನು ತಿದ್ದುವ ದಾರಿ ಇರಲಿಲ್ಲ. ಬೀದಿಯಲ್ಲೇ ಬಿಟ್ಟ ತಪ್ಪಿಗೆ ಇತ್ತು. ವಂದನಾರ್ಪಣೆಗೂ ಕಾಯದೆ ಇಬ್ಬರೂ ವೇದಿಕೆಯಿಂದ ಜಿಗಿದರು. "ಏ ತಮ್ಮಾ, ಫೋಟೋ ತಗಿಯೂದೈತಿ" ಎಂದು ಫೋಟೋದವರು ಕೂಗಿದ್ದು ಗಾಳಿಗೆ ಹೋಯಿತು. ಆ ಫೋಟೋದಲ್ಲಿ ಇಂದಿಗೂ ಅಧ್ಯಕ್ಷರು ಎರಡು ಖಾಲಿ ಕುರ್ಚಿಗಳ ನಡುವೆ ನಿಂತಿದ್ದಾರೆ.

ನಾವು ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಕಸಬರಿಗೆ ಹಿಡಿದು ಬೀದಿಯಲ್ಲಿ ಕೂತಿದ್ದರು. ಓಣಿಯೇ ಕೈ ಹಚ್ಚಿತು. ಹೊರಗೆ ಬಿದ್ದ ಮಣ್ಣಾದ್ದರಿಂದ ಹೆಣ್ಣುಮಕ್ಕಳಾದ ನಮಗೂ ಯಾರೂ ಬೇಡವೆನ್ನಲಿಲ್ಲ. ಅವ್ವ ಮೊರದಲ್ಲಿ ತುಂಬಿದಳು, ನಾನು ಕಲ್ಲುಸಂದಿಯಲ್ಲಿ ಸಿಕ್ಕಿದ್ದನ್ನು ಬೆರಳಿನಿಂದ ತೆಗೆದೆ. ಸುಟ್ಟು ಕರ್ರಗಾಗಿತ್ತು, ಚಿಮಣಿ ಎಣ್ಣೆ ವಾಸನೆ. ಇನ್ನು ಅಖಾಡಕ್ಕೆ ಆಗದು ಎಂದು ಗರಡಿಯ ಹಿಂದಿನ ಬೇವಿನ ಮರದ ಬುಡಕ್ಕೆ ಸುರಿದರು.

ವಸ್ತಾದರು ಬಂದು ಬೀದಿಯ ಉದ್ದಕ್ಕೂ ನಡೆದು ನೋಡಿದರು. ಆಮೇಲೆ ಸೊಂಟದಿಂದ ಕೀಲಿಕೈ ತೆಗೆದು ಅಣ್ಣನ ಕೈಗಿಟ್ಟರು.

"ಧಾರವಾಡದ ಕಡೆ ಮಣ್ಣಿಗೆ ಚಕ್ಕಡಿ ಗಾಡಿ ಹೇಳೇನಿ. ನಸುಕಿನ್ಯಾಗ ಬರ್ರಲೇ ಇಬ್ಬರೂ. ರುಮಾಲ ಮನ್ಯಾಗ ಇಟ್ಟು ಬರ್ರಿ, ಸಲಿಕಿ ಹಿಡಿಯಾಕ ಅದು ಬ್ಯಾಡ."

ಮರುದಿನ ಕತ್ತಲಿರುವಾಗಲೇ ಗರಡಿಯಿಂದ ಹೊಸ ಮಣ್ಣಿನ ಹೆಂಟೆ ಒಡೆಯುವ ಸದ್ದು ಕೇಳತೊಡಗಿತು, ನಡುನಡುವೆ ವಸ್ತಾದರ ಬೈಗುಳ. "ಇವರು ನಿದ್ದಿ ಮಾಡಾಕ ಬಿಡಾಂಗಿಲ್ಲ" ಎನ್ನುತ್ತ ಅವ್ವ ಎದ್ದು ಒಲೆ ಹೊತ್ತಿಸಿ, ಗರಡಿಗೆ ಕಳಿಸಲೆಂದು ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟಳು.