ಗೋಡೆಯ ಒಳಗಡೆಗೆ ಒಂದು ಮೊಳ ಹೂವು

ಮಾರ್ಕೆಟ್ ಹತ್ತಿರದ ಹಳೇ ಕೋಟೆ ಗೋಡೆಯಲ್ಲಿ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಕಲ್ಲು ಇದೆ. ಹೂ ಮಾರುವ ಅಜ್ಜಿಯೊಬ್ಬಳು ಅದಕ್ಕೆ ಅರಿಶಿನ, ಕುಂಕುಮ ಹಚ್ಚಿ, ಬೋಣಿಗೆ ಮುಂಚೆಯೇ ಒಂದು ಮೊಳ ಸೇವಂತಿಗೆ ಮುಡಿಸಿ ಕೈಮುಗಿಯುತ್ತಿದ್ದಳು. ನಿವೃತ್ತಿಯಾದರೂ ನನ್ನೊಳಗಿನ ಚರಿತ್ರೆ ಟೀಚರ್ ಸುಮ್ಮನಿರಬೇಕಲ್ಲ.

“ಅದು ದೇವರಲ್ಲ ಅಜ್ಜಿ. ಬ್ರಿಟಿಷರ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿದ್ದು ಇಲ್ಲಿಂದ ಅಂತ ಬರೆದಿದೆ” ಎಂದೆ.

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ಕಲ್ಲನ್ನೇ ನೋಡುತ್ತಾ, “ಒಳಗಿದ್ದೋರ ಬಗ್ಗೆ ಏನ್ ಬರ್ದವ್ರೆ ಮೇಡಂ?” ಎಂದು ಕೇಳಿದಳು.

“ಏನೂ ಬರೆದಿಲ್ಲ.”

ಅವಳು ಹೂವನ್ನು ಮೆಲ್ಲಗೆ ಬಿಡಿಸಿಕೊಂಡಳು. ವ್ಯಾಪಾರದ ಬುಟ್ಟಿಯನ್ನು ಅಲ್ಲೇ ಬಿಟ್ಟು, ಮಂಡಿ ಹಿಡಿದುಕೊಂಡು ಕೋಟೆ ಬಾಗಿಲು ದಾಟಿದಳು. ನಾನೂ ಹಿಂದೆ ಹೋದೆ. ಅದೇ ಗೋಡೆಯ ಒಳಮಗ್ಗುಲಿಗೆ ಬಂದು, ಬುಡದ ಮಣ್ಣನ್ನು ಸೆರಗಿನಿಂದ ಒರೆಸಿ, ಹೂವಿಟ್ಟು ಮತ್ತೆ ಕೈಮುಗಿದಳು. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು.

ಆ ಯುದ್ಧವನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅಷ್ಟೂ ವರ್ಷ ಗೋಡೆಯ ಹೊರಗೇ ನಿಂತಿದ್ದೆ.