ಕಾರಿನ ಹಿಂದೆ ಒಂದು ಹಾಸಿಗೆ

ಒಮಾನಿನ ನಿಜ್ವಾಕ್ಕೆ ಬಂದ ಮೇಲೆ ಚಳಿಗಾಲದಲ್ಲಿ ಒಮ್ಮೆಯಾದರೂ ಡೇರೆ ಕಟ್ಟಿಕೊಂಡು ಕಡಲ ದಂಡೆಗೆ ಹೋಗದ ವರ್ಷ ನಮಗಿರಲಿಲ್ಲ. ನಾನು ಕಾರ್ಕಳದ ಕಡೆಯವನು. ಇಲ್ಲಿನ ಒಂದು ಕಾಲೇಜಿನಲ್ಲಿ ಏಸಿ ಯಂತ್ರಗಳ ಉಸ್ತುವಾರಿ ನನ್ನದು. ಹೆಂಡತಿ ಮೈಸೂರಿನವಳು, ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳಿಗೆ ನನ್ನ ತುಳು ಬಾರದ್ದರಿಂದ ಮನೆಯಲ್ಲಿ ಕನ್ನಡ. ಹದಿನಾಲ್ಕರ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ಹೆಂಡತಿಗೆ ಸೊಂಟದ ಡಿಸ್ಕಿನ ಆಪರೇಶನ್ ಆದ ವರ್ಷ ನಾನೇ ಡೇರೆಯನ್ನು ಮಡಚಿ ಅಟ್ಟಕ್ಕೆ ಹಾಕಿದೆ. ನೆಲದ ಮೇಲೆ ಮಲಗಬಾರದು, ಬಗ್ಗಿ ನುಸುಳಬಾರದು, ಒಂದೂವರೆ ಗಂಟೆಗಿಂತ ಹೆಚ್ಚು ಒಂದೇ ಸಮ ಕೂತಿರಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಅವರಿಗಿಂತ ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಹಾಲಿನ ಕ್ಯಾನು ಎತ್ತಲು ಬಿಡುತ್ತಿರಲಿಲ್ಲ. ಒಂಬತ್ತು ತಿಂಗಳಾಗಿ, ಕಾರು ಓಡಿಸಬಹುದು ಎಂದು ಡಾಕ್ಟರೇ ಹೇಳಿದ ಮೇಲೂ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು.

ಅಕ್ಟೋಬರಿನಲ್ಲಿ ಸೆಕೆ ಇಳಿಯುತ್ತಿದ್ದಂತೆ ಅವಳು ಕೇಳಿದಳು. "ರೀ, ಈ ಸಲ ಅಶ್ಖರಾ ಕಡಲಿಗೆ ಹೋಗೋಣ್ವಾ?"

"ಡೇರೆಯಲ್ಲಿ ನಿನಗೆ ಆಗ್ಲಿಕ್ಕಿಲ್ಲ."

"ಡೇರೆ ಯಾರು ಕೇಳಿದ್ರು? ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗ್ತಾರಲ್ಲ, ಟ್ರೈಲರು, ಅಂಥದ್ದು. ದಾರೀಲಿ ಬೆನ್ನು ಹಿಡ್ಕೊಂಡ್ರೆ ನಿಲ್ಲಿಸಿ ಮಲಗಬಹುದು. ಮಂಚದ ಎತ್ತರಕ್ಕೆ ಹಾಸಿಗೆ ಇರುತ್ತೆ."

ಬೇಡ ಎನ್ನಲು ನನಗೆ ತಕ್ಷಣ ಕಾರಣ ಸಿಗಲಿಲ್ಲ. ಸಿಕ್ಕಿದ್ದು ಆಮೇಲೆ, ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದಾಗ. ನಮ್ಮದು ಕಾಲೇಜಿಗೆ, ಶಾಲೆಗೆ, ತರಕಾರಿಗೆ ಓಡಾಡುವ ಸಾಧಾರಣ ಕಾರು. ಅದು ಎಳೆಯಬಲ್ಲ ಟ್ರೈಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಏಳುನೂರೈವತ್ತು ಕಿಲೋ, ಇದ್ದರೆ ಸಾವಿರದ ಇನ್ನೂರು. ಅದೂ ನೀರು, ಗ್ಯಾಸು, ಪಾತ್ರೆ, ಬಟ್ಟೆ ಎಲ್ಲ ಸೇರಿ. ಎಳೆಯುವ ಕೊಕ್ಕೆಯ ಮೇಲೆ ಟ್ರೈಲರಿನ ಮೂತಿ ಎಷ್ಟು ಭಾರ ಊರಬೇಕು ಎಂಬುದಕ್ಕೂ ಲೆಕ್ಕವಿತ್ತು. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿಯುತ್ತದೆ, ಕಡಿಮೆಯಾದರೆ ಟ್ರೈಲರು ರಸ್ತೆಯಲ್ಲಿ ಅತ್ತಿತ್ತ ತೂಗುತ್ತದೆ. ಆ ಪುಟವನ್ನು ಎಷ್ಟು ಸಲ ಓದಿದೆನೋ.

ಆದರೂ ಕಾರಿಗೆ ಕೊಕ್ಕೆ ಹಾಕಿಸಿ, ಅದರ ತಪಾಸಣೆ ಮುಗಿಸಿ, ಒಂದು ಶುಕ್ರವಾರ ಮಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಬಾತಿನಾ ಕರಾವಳಿ ಕಡೆಯ ಒಬ್ಬ ಮಾರಾಟಗಾರನ ಅಂಗಳಕ್ಕೆ ಹೋದೆವು. ಅವನ ಬಳಿ ಇದ್ದದ್ದು ಬಿಳಿಯ, ಗಟ್ಟಿ ಗೋಡೆಯ ಟ್ರೈಲರು. ಒಳಗೆ ನೆಟ್ಟಗೆ ನಿಲ್ಲಬಹುದು. ಒಲೆ, ಸಿಂಕು, ಪುಟ್ಟ ಶೌಚಾಲಯ, ಎತ್ತರದ ಮಂಚ. ಹೆಂಡತಿ ಮಂಚದ ಅಂಚಿಗೆ ಕೂತು ಸುಮ್ಮನೆ ನನ್ನ ಮುಖ ನೋಡಿದಳು. ಅಷ್ಟು ಆಸೆಯಿಂದ ಅವಳು ಏನನ್ನಾದರೂ ನೋಡಿ ತಿಂಗಳುಗಳಾಗಿದ್ದವು.

"ತೂಕ ಎಷ್ಟುಂಟು?" ಎಂದು ಹಿಂದಿಯಲ್ಲಿ ಕೇಳಿದೆ.

"ಹಗುರ ಸಾರ್, ತುಂಬಾ ಹಗುರ," ಎಂದು ಅವನು ಮುಂದಿನ ಕಂಬಿಗೆ ಹೊಡೆದಿದ್ದ ತಗಡು ತೋರಿಸಿದ. ಒಂಬೈನೂರು ಕಿಲೋ ಎಂದಿತ್ತು. ಬ್ರೇಕೂ ಇದೆ ಎಂದ. "ನಿಮ್ಮ ಕಾರು ನಗುನಗುತ್ತಾ ಎಳೆಯುತ್ತೆ. ಓಡಿಸಿ ನೋಡಿ."

ಮೊದಲ ಹತ್ತು ಕಿಲೋಮೀಟರು ಏನೂ ಆಗಲಿಲ್ಲ. ನಾನು ಎಂಬತ್ತಕ್ಕಿಂತ ಮೇಲೆ ಹೋಗಿರಲಿಲ್ಲ. ಆಗ ನೀರಿನ ಟ್ಯಾಂಕರೊಂದು ಎಡಗಡೆಯಿಂದ ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ಬಡಿದದ್ದೇ ತಡ, ಯಾರೋ ಕಾರಿನ ಹಿಂಭಾಗ ಹಿಡಿದು ಅಲುಗಿಸಿದ ಹಾಗಾಯಿತು. ಕನ್ನಡಿಯಲ್ಲಿ ಆ ಬಿಳಿ ಪೆಟ್ಟಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕಂಡಿತು. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ಬ್ರೇಕ್ ಒತ್ತಬಾರದು, ಸ್ಟೇರಿಂಗ್ ತಿರುಗಿಸಬಾರದು ಎಂದು ಓದಿದ್ದೆ. ಎಕ್ಸಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದೆ. ಕಾರು ತಾನಾಗಿ ನಿಧಾನವಾಯಿತು.

ರಸ್ತೆಯ ಬದಿಗೆ ನಿಲ್ಲಿಸಿ ನೋಡಿದರೆ ಹೆಂಡತಿ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದಿದ್ದಳು.

"ಬೆನ್ನು? ನೋವುಂಟಾ?"

ಅವಳು ಒಂದೊಂದಾಗಿ ಕೈ ಬಿಡಿಸಿ ಸೊಂಟ ಮುಟ್ಟಿ ನೋಡಿಕೊಂಡಳು. ಆ ನಾಲ್ಕೈದು ಕ್ಷಣಗಳಲ್ಲಿ ನನ್ನ ಕಣ್ಣೆದುರು ಆಸ್ಪತ್ರೆಯ ಕಾರಿಡಾರು, ಸ್ಟ್ರೆಚರು, ಸಹಿ ಹಾಕಿದ ಕಾಗದ ಎಲ್ಲ ಬಂದು ಹೋದವು.

"ಏನೂ ಆಗಿಲ್ಲ," ಎಂದಳು. "ಮೆಲ್ಲಗೆ ವಾಪಸ್ ಹೋಗೋಣ."

ದಾರಿಯಲ್ಲಿ ಗುಜರಿಯವರು ಲಾರಿ ತೂಗುವ ವೇ ಬ್ರಿಡ್ಜ್ ಕಂಡಿತು. ಅಲ್ಲಿಯವನನ್ನು ಕೇಳಿಕೊಂಡು ಟ್ರೈಲರನ್ನು ಮಾತ್ರ ತೂಗಿಸಿದೆ. ಸಾವಿರದ ಇನ್ನೂರ ನಲವತ್ತು, ಒಂದು ಚಮಚವೂ ತುಂಬದೆ. ಮಾರಾಟಗಾರನಿಗೆ ಹೇಳಿದಾಗ ಅವನು ಹೆಗಲು ಕುಣಿಸಿದ. ಕಪಾಟು, ನೀರಿನ ಟ್ಯಾಂಕು, ಏಸಿ ಎಲ್ಲ ಆಮೇಲೆ ಹಾಕಿಸಿದ್ದಂತೆ, ಅದೂ ಹಿಂಭಾಗದಲ್ಲಿ. ಮೂತಿ ಹಗುರಾಗಿ ಬಾಲ ಭಾರವಾಗಿತ್ತು. "ತಗಡಿನ ಮೇಲಿರೋದು ಫ್ಯಾಕ್ಟರಿ ತೂಕ ಸಾರ್," ಎಂದ.

ಆ ದಿನದಿಂದ ನಾನು ಟ್ರೈಲರಿನ ಮಾತೇ ಎತ್ತಲಿಲ್ಲ. ಅವಳು ಎತ್ತಿದರೆ ಕೆಲಸದ ನೆಪ ಹೇಳುತ್ತಿದ್ದೆ. ಒಬ್ಬನೇ ಕಾಲೇಜಿಗೆ ಹೋಗುವಾಗಲೂ ಕನ್ನಡಿಯಲ್ಲಿ ಆಗಾಗ ಹಿಂದೆ ನೋಡುತ್ತಿದ್ದೆ, ಅಲ್ಲಿ ಏನೂ ಇಲ್ಲದಿದ್ದರೂ. ಮೂರು ವಾರ ಕಳೆದ ಮೇಲೆ, ಬೆಳಿಗ್ಗೆ ದೋಸೆ ಹೊಯ್ಯುತ್ತಾ ಅವಳು ನನ್ನ ಕಡೆ ತಿರುಗದೆ ಹೇಳಿದಳು.

"ಅವತ್ತು ನಂಗೂ ಭಯ ಆಯ್ತು. ಆದ್ರೆ ನಂಗೆ ಅದು ಅವತ್ತೇ ಮುಗೀತು. ನೀವು ಮಾತ್ರ ನನ್ನನ್ನ ಗಾಜಿನ ಲೋಟದ ಥರ ಇಟ್ಕೊಂಡಿದೀರ. ಆಪರೇಶನ್ ಆಗಿದ್ದು ಬೆನ್ನಿಗೆ ರೀ, ನಾನಿನ್ನೂ ಇದೀನಿ."

ಅವಳು ಫೋನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ರುಸ್ತಾಕಿನ ಒಬ್ಬರು ಮಾರಾಟಕ್ಕಿಟ್ಟ ಚಿಕ್ಕ ಟ್ರೈಲರಿನ ಚಿತ್ರ. ಛಾವಣಿಯನ್ನು ಎತ್ತಿದರೆ ಸುತ್ತ ದಪ್ಪ ಬಟ್ಟೆಯ ಗೋಡೆ ಬರುತ್ತದೆ, ಇಳಿಸಿದರೆ ಕಾರಿಗಿಂತ ತಗ್ಗು. ಶೌಚಾಲಯವಿಲ್ಲ, ಏಸಿಯಿಲ್ಲ.

"ನಾನೂರೆಂಬತ್ತು ಕಿಲೋ ಅಂತೆ."

"ಅವರು ಹೇಳುವುದು ಹಾಗೆ."

"ತೂಗಿಸೋಣ. ಮನೆಯ ತೂಕದ ಮಷೀನೂ ತಗೊಳ್ಳಿ, ನಿಮ್ಮ ಆ ಮೂತಿ ಭಾರ ನೋಡೋಕೆ."

ಟ್ರೈಲರಿನ ಮಾಲೀಕರು ಒಮಾನಿ, ನಿವೃತ್ತ ವ್ಯಾಯಾಮ ಶಿಕ್ಷಕರು. ಶಾಲೆಯಲ್ಲಿ ಜೊತೆಗಿದ್ದ ಭಾರತೀಯರಿಂದ ಹಿಂದಿ ಕಲಿತಿದ್ದರು. ನಾವು ದಿನಾ ತೂಕ ನೋಡಿಕೊಳ್ಳುವ ಯಂತ್ರವನ್ನು ನಾನು ಅವರ ಟ್ರೈಲರಿನ ಮೂತಿಯ ಕೆಳಗಿಟ್ಟಾಗ ಅವರು ಜೋರಾಗಿ ನಕ್ಕರು, ನಕ್ಕು ತಾವೇ ಮೊಣಕಾಲೂರಿ ಅದನ್ನು ಸರಿಯಾಗಿ ಕೂರಿಸಿಕೊಟ್ಟರು. ನಲವತ್ತೈದು ಕಿಲೋ. ಪುಸ್ತಕದಲ್ಲಿದ್ದ ಲೆಕ್ಕಕ್ಕೆ ಸರಿಯಾಗಿತ್ತು. ಊರಿನ ವೇ ಬ್ರಿಡ್ಜಿನಲ್ಲಿ ಒಟ್ಟು ಭಾರ ನಾನೂರ ತೊಂಬತ್ತು. ನಮ್ಮ ಸಾಮಾನು ಎಷ್ಟು ತುಂಬಿದರೂ ಬ್ರೇಕಿಲ್ಲದ ಟ್ರೈಲರಿನ ಮಿತಿಯಾದ ಏಳುನೂರೈವತ್ತನ್ನು ದಾಟುವಂತಿರಲಿಲ್ಲ.

"ಯಾಕೆ ಮಾರುತ್ತಿದ್ದೀರಿ?" ಎಂದು ಕೇಳಿದೆ. ಎಲ್ಲಿ ಏನು ಹುಳುಕಿದೆಯೋ ಎಂಬ ಸಂಶಯ ಬಿಟ್ಟಿರಲಿಲ್ಲ.

"ನನ್ನ ಹೆಂಡತಿಗೆ ಮಂಡಿ ನೋವು. ಅವಳಿಗೆಂದೇ ತಂದೆ," ಎಂದರು. "ಎರಡು ಸಲ ಬಂದಳು. ಆಮೇಲೆ, ಖಲಾಸ್, ನನಗೆ ಮನೆಯೇ ಚೆನ್ನ ಅಂದಳು."

ನನ್ನ ಹೆಂಡತಿ ಆ ಹೊತ್ತಿಗೆ ಮಂಚ ಹತ್ತಿ ಮಲಗಿ, ಮಗ್ಗುಲಾಗಿ, ಕಾಲಿಳಿಸಿ, ಎದ್ದು ನಿಂತು ನೋಡುತ್ತಿದ್ದಳು. ಮೂರು ಸಲ ಮಾಡಿದಳು. ಮೂರನೆಯ ಸಲ ಕೈ ಊರಲಿಲ್ಲ.

ಕಾರಿಗೆ ಜೋಡಿಸಿ ಅಲ್ ಹಝ್ಮ್ ಕಡೆಯ ಸಮತಟ್ಟು ರಸ್ತೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಈ ಸಲ ಜೊತೆಗೆ ಬಂದಿದ್ದ ಮಗಳು ಮತ್ತು ಆ ಹಿರಿಯರು. ಸ್ಪೀಡು ಐವತ್ತು ದಾಟುತ್ತಿದ್ದಂತೆ ನನ್ನ ಅಂಗೈ ಬೆವರತೊಡಗಿತು. ಹಿಂದೆ ಲಾರಿಯೊಂದು ಕಾಣಿಸಿತು. ಅದು ಹತ್ತಿರ ಬರುವುದನ್ನು ನೋಡುತ್ತಾ ನೋಡುತ್ತಾ ನನ್ನ ಕಾಲು ತಾನಾಗಿ ಮೇಲೆದ್ದಿತು. ಬದಿಗೆ ಸರಿದು ನಿಂತುಬಿಟ್ಟೆ. ಲಾರಿ ಹಾದುಹೋಯಿತು.

"ಕಾರಿಗೆ ಏನಾಯಿತು?" ಎಂದು ಹಿರಿಯರು ಮುಂದೆ ಬಾಗಿದರು.

ಕಾರಿಗೆ ಏನೂ ಆಗಿರಲಿಲ್ಲ. ಮಗಳು, "ಪಪ್ಪಾ, ಯುವರ್ ಹ್ಯಾಂಡ್ಸ್," ಎಂದಳು. ಕಾರು ನಿಂತಿದ್ದರೂ ನಾನಿನ್ನೂ ಎರಡೂ ಕೈಯಿಂದ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೇ ಇದ್ದೆ.

"ಇಳೀರಿ," ಎಂದಳು ಹೆಂಡತಿ.

"ಬೇಡ ಮಾರಾಯ್ತಿ. ನಿನಗೆ..."

"ಡಾಕ್ಟ್ರು ಹೇಳಿ ಎರಡು ತಿಂಗಳಾಯ್ತು. ಇಳೀರಿ."

ಅವಳು ಸೀಟು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿ, ಬೆನ್ನ ಹಿಂದೆ ತನ್ನ ಪುಟ್ಟ ದಿಂಬು ಇಟ್ಟುಕೊಂಡಳು. "ಯಲ್ಲಾ ಮೇಡಂ, ಹೊರಡಿ," ಎಂದರು ಹಿರಿಯರು. ಅರವತ್ತು, ಎಪ್ಪತ್ತು, ಎಂಬತ್ತು. ನಾನು ರಸ್ತೆ ನೋಡಲಾಗದೆ ಅವಳ ಕೈಗಳನ್ನೇ ನೋಡುತ್ತಿದ್ದೆ. ಎರಡು ಲಾರಿ, ಒಂದು ಬಸ್ಸು ನಮ್ಮನ್ನು ದಾಟಿಹೋದವು. ಕಾರು ಸ್ವಲ್ಪ ಅದುರಿದ್ದು ಬಿಟ್ಟರೆ ಏನೂ ಆಗಲಿಲ್ಲ. ಟ್ರೈಲರು ತಗ್ಗಾಗಿದ್ದರಿಂದ ಕನ್ನಡಿಯಲ್ಲಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಹಿಂದಿರುಗಿ ಅಂಗಳದಲ್ಲಿ ನಿಲ್ಲಿಸಿದಾಗ ಅವಳ ಹಣೆಯ ಮೇಲೂ ಬೆವರಿತ್ತು. ಆದರೆ ಮುಖ ಆಪರೇಶನ್ನಿಗೆ ಮುಂಚಿನ ಹಳೆಯ ಮುಖವಾಗಿತ್ತು.

"ಇದೇ ಸಾಕು," ಎಂದಳು. ನಾನು ತಲೆಯಾಡಿಸಿದೆ.

ಡಿಸೆಂಬರಿನಲ್ಲಿ ಅಶ್ಖರಾಕ್ಕೆ ಹೋದೆವು. ನಾನೂ ಓಡಿಸಿದೆ, ಅವಳೂ ಓಡಿಸಿದಳು. ನಿಲ್ಲಿಸಿದಲ್ಲೆಲ್ಲ ನಾನು ಇಳಿದು ಕೊಕ್ಕೆಯ ಪಿನ್ನು, ಸರಪಳಿ, ಟೈರು ಮುಟ್ಟಿ ನೋಡಿದೆ. ಮಗಳು ಎಣಿಸಿ, "ಇಲೆವೆನ್ ಟೈಮ್ಸ್, ಪಪ್ಪಾ," ಎಂದು ಹೇಳಿದಳು. ಸಿನಾವ್ ದಾಟಿದ ಮೇಲೆ ಹೆಂಡತಿಗೆ ಸೊಂಟ ಹಿಡಿದುಕೊಂಡಿತು. ಬಯಲಿನಲ್ಲಿ ನಿಲ್ಲಿಸಿ ಛಾವಣಿ ಎತ್ತಿದೆವು. ಅವಳು ಇಪ್ಪತ್ತು ನಿಮಿಷ ಮಲಗಿದ್ದಳು. ನಾನು ಹೊರಗೆ ಗಾಲಿಗೆ ಕಲ್ಲು ಕೊಟ್ಟು, ಆ ಕಲ್ಲಿಗೆ ನನ್ನ ಪಾದವನ್ನೂ ಒತ್ತಿಕೊಂಡು ನಿಂತಿದ್ದೆ.

ಮರುದಿನ ಬೆಳಿಗ್ಗೆ ದಂಡೆಯಲ್ಲಿ ಗಾಳಿ ಜೋರಾಗಿತ್ತು, ಬಟ್ಟೆಯ ಗೋಡೆ ಪಟಪಟ ಬಡಿಯುತ್ತಿತ್ತು. ಅವಳು ಏಳುವುದನ್ನೇ ಕಾಯುತ್ತಿದ್ದೆ. ಅವಳು ಕಾಲಿಳಿಸಿ, ಮೆಟ್ಟಿಲಿಳಿದು, ಮರಳಿನ ಮೇಲೆ ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ಹೇಗುಂಟು?"

"ಸ್ವಲ್ಪ ಹಿಡ್ಕೊಂಡಿದೆ. ನಡೆದ್ರೆ ಹೋಗುತ್ತೆ."

ಮಗಳ ಕೈ ಹಿಡಿದು ನೀರಿನ ಕಡೆಗೆ ನಡೆದಳು. ನಾನು ಹಿಂದೆಯೇ ಹತ್ತಿಪ್ಪತ್ತು ಹೆಜ್ಜೆ ಹೋದೆ. ಆಮೇಲೆ ನಿಂತೆ. ಅವರಿಬ್ಬರೂ ತಿರುಗಿ ನೋಡಲಿಲ್ಲ. ವಾಪಸು ಬಂದು ಚಹಕ್ಕೆ ನೀರಿಟ್ಟೆ.