ಕೊಟ್ಟೂರಿಗೆ ಬಾತು ಕೊಟ್ಟು ಬಂದೆ

ಹರಪನಹಳ್ಳಿಯಲ್ಲಿ ಕೊಟ್ಟೂರಿನ ಬಸ್ಸು ಹತ್ತಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಒಳಗೆ ನಮ್ಮ ಮನೆಯ ಹೆಣ್ಣು ಬಾತು. ಚೀನಾ, ಜಪಾನ್ ಕಡೆಯ ಜಾತಿ, ಮ್ಯಾಂಡರಿನ್ ಅನ್ನುತ್ತಾರೆ. ಗಂಡಿನ ಬಣ್ಣ ನೋಡಿದರೆ ದಿನವೂ ಮದುವೆಗೆ ಹೊರಟ ಹಾಗೆ. ಹೆಣ್ಣು ಬೂದುಬಣ್ಣದ ಸಾದಾ ಹಕ್ಕಿ. ಚಂದಕ್ಕೆಂದು ಜೋಡಿ ತಂದವಳು ನನ್ನ ಹೆಂಡತಿ. ಅವಳು ತೀರಿಕೊಂಡಳು. ಕಳೆದ ಚಳಿಗಾಲದಲ್ಲಿ ಗಂಡು ಬಾತೂ ಸತ್ತಿತು. ಅಂದಿನಿಂದ ಹೆಣ್ಣು ದನಿಯನ್ನೇ ತೆಗೆದಿರಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರೇ, ಇಬ್ಬರೂ ಮೂಕರು.

ಕಂಡಕ್ಟರ್ ಬುಟ್ಟಿಗೆ ಬೆರಳು ತೋರಿಸಿದ. "ಕೋಳಿ ಏನ್ರಿ?"

"ಬಾತು."

"ಏನಾದ್ರೂ ಆಗ್ಲಿ, ಅರ್ಧ ಟಿಕೆಟ್ ತಗಾಬೇಕ್ರಿ."

ಒಂದೂವರೆ ಟಿಕೆಟ್ ತೆಗೆದುಕೊಂಡೆ. ನನ್ನ ಜೊತೆಗೂ ಒಂದು ಜೀವ ಇದೆಯೆಂದು ಯಾರೋ ಒಪ್ಪಿಕೊಂಡರಲ್ಲ ಎಂದು ಖುಷಿಯಾಯಿತು. ಬಿಸಿಲು ಏರುತ್ತಿತ್ತು. ಕಿಟಕಿಯಾಚೆ ತೆನೆ ಮುರಿದ ಮೆಕ್ಕೆಜೋಳದ ಹೊಲಗಳು.

ಕೊಟ್ಟೂರಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಉಜ್ಜಿನಿ ರಸ್ತೆಯಲ್ಲಿರುವ ಹುಸೇನ್ ಸಾಬರ ಬೈಕ್ ಗ್ಯಾರೇಜಿಗೆ ನಡೆದೆ. ಅವರಲ್ಲಿ ಇದೇ ಜಾತಿಯ ಒಂಟಿ ಗಂಡು ಇದೆಯೆಂದು ತಿಳಿದು ಫೋನಿನಲ್ಲಿ ಮಾತಾಡಿದ್ದೆ.

"ಬರ್ರಿ ಬೀಗರ" ಎಂದು ನಗುತ್ತ ಕರೆದರು.

ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ವರ ನಮಗೆ ಬೆನ್ನು ಹಾಕಿ ಕೂತಿದ್ದ. ಅವನೆದುರು, ತೊಟ್ಟಿಯ ಅಂಚಿಗೆ ತಂತಿಯಲ್ಲಿ ಬಿಗಿದ ಹಳೇ ಸ್ಕೂಟರಿನ ಕನ್ನಡಿ.

"ಒಂಟಿ ಅದಾನ ಅಂತ ನಾನ ಕಟ್ಟೀನ್ರಿ. ಈಗ ಅದನ್ನ ಬಿಟ್ಟು ಅಲ್ಲಾಡಂಗಿಲ್ಲ" ಎಂದರು ಸಾಬರು.

ಹೆಣ್ಣನ್ನು ನೀರಿಗೆ ಬಿಟ್ಟೆ. ಗಂಡು ತಿರುಗಿಯೂ ನೋಡಲಿಲ್ಲ. ಹೆಣ್ಣು ಮೂಲೆ ಸೇರಿತು. ಮಧ್ಯಾಹ್ನವಾದರೂ ಅಷ್ಟೇ.

"ಇವು ಒಗ್ಗೋದಿಲ್ಲ ಸಾಬರೇ, ವಾಪಸ್ ಕರ್ಕೊಂಡು ಹೋಗ್ತೀನಿ" ಎಂದೆ. ನಿಜ ಹೇಳಬೇಕೆಂದರೆ ಹಾಗೇ ಆಗಲಿ ಎಂದು ಆಸೆಪಡುತ್ತಿದ್ದೆ.

ಸಾಬರು ನನ್ನ ಮುಖ ನೋಡಿದರು. "ತಡೀರಿ" ಎಂದು ತಂತಿ ಕತ್ತರಿಸಿ ಕನ್ನಡಿ ತೆಗೆದರು. ಗಂಡು ಖಾಲಿ ಅಂಚನ್ನು ಕೊಕ್ಕಿನಿಂದ ಕುಟ್ಟಿತು, ತೊಟ್ಟಿಯೆಲ್ಲ ಸುತ್ತಿ ಹುಡುಕಿತು, ಕೊನೆಗೆ ಕೂಗಿತು. ಮೂಲೆಯಿಂದ ನಮ್ಮ ಹೆಣ್ಣು ಓಗೊಟ್ಟಿತು. ಎಷ್ಟು ತಿಂಗಳ ಮೇಲೆ ಆ ದನಿ ಕೇಳಿದೆನೋ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಒಂದೇ ಕಡೆ ಕೂತಿದ್ದವು.

ಹೊರಡುವಾಗ ಸಾಬರು ಕನ್ನಡಿಯನ್ನು ನನ್ನ ಬುಟ್ಟಿಗೆ ಹಾಕಿದರು. "ಇಲ್ಲೇ ಇದ್ರ ಮತ್ತ ಅದರ ಮುಂದ ಹೋಗಿ ಕುಂದರ್ತಾನ. ನೀವ ಒಯ್ರಿ."

ವಾಪಸ್ ಬಸ್ಸಿನಲ್ಲೂ ಅದೇ ಕಂಡಕ್ಟರ್. ಬಾತು ಕೊಟ್ಟು ಬಂದೆ ಎಂದರೆ ನಂಬದೆ ಮುಚ್ಚಳ ಎತ್ತಿದ. ಒಳಗೆ ತನ್ನದೇ ಮೀಸೆ ಕಂಡು ನಕ್ಕ.

"ಹಂಗಾರೆ ಒಬ್ರೇ ಏನ್ರಿ?"

"ಒಬ್ಬನೇ" ಎಂದೆ.

ಹರಪನಹಳ್ಳಿ ಬರುವವರೆಗೂ ಬುಟ್ಟಿ ತೊಡೆಯ ಮೇಲೇ ಇತ್ತು. ನಾನು ಮುಚ್ಚಳ ತೆಗೆಯಲಿಲ್ಲ.